ಕಿವಿಯ ಕನ್ನಡಕ

ಕನ್ನಡಕವನ್ನು ಕಂಡುಹಿಡಿದ ಪುಣ್ಯಾತ್ಮನಿಗೆ ನಾವು ಹೆಂಗಸರು ದಿನಕ್ಕೊಂದು ನಮಸ್ಕಾರ ಹಾಕಿದರೂ ತಪ್ಪಲ್ಲ. ನಲವತ್ತು ದಾಟಿದ ಮೇಲೆ ಅಕ್ಕಿಯಲ್ಲಿ ಕಲ್ಲು ಆರಿಸುವುದಕ್ಕೆ, ಸೂಜಿಗೆ ದಾರ ಪೋಣಿಸುವುದಕ್ಕೆ, ಔಷಧಿ ಬಾಟಲಿಯ ಮೇಲಿನ ಇರುವೆ ಸಾಲಿನಂಥ ಅಕ್ಷರ ಓದುವುದಕ್ಕೆ, ಕೊನೆಗೆ ಮಗಳು ಫೋನಿಗೆ ಕಳಿಸಿದ ಮುಖ ನಗುತ್ತಿದೆಯೋ ಅಳುತ್ತಿದೆಯೋ ಎಂದು ತಿಳಿಯುವುದಕ್ಕೂ ಅದು ಬೇಕು. ಹದಿಮೂರನೆಯ ಶತಮಾನದ ಕೊನೆಯ ಹೊತ್ತಿಗೆ ಇಟಲಿಯಲ್ಲಿ ಹುಟ್ಟಿದ ವಸ್ತು ಇದು. ಅಷ್ಟು ದೂರದಿಂದ ಅಷ್ಟು ಕಾಲ ನಡೆದು ಬಂದು ಈಗ ನಮ್ಮ ಮೂಗಿನ ಮೇಲೆ ಮನೆಮಗನ ಹಾಗೆ ಕೂತುಬಿಟ್ಟಿದೆ.

ಹಾಗೆಂದು ಅದಕ್ಕೆ ಮೊದಲಿನಿಂದಲೂ ಈ ಮರ್ಯಾದೆ ಇರಲಿಲ್ಲ. 1980ರ ದಶಕದಲ್ಲಿ ನಾನು ಹೈಸ್ಕೂಲಿನಲ್ಲಿದ್ದಾಗ ಕನ್ನಡಕ ಹಾಕಿದ ಹುಡುಗಿ ಎಂದರೆ 'ಸೋಡಾಬುಡ್ಡಿ'. ಗಂಡಿನ ಕಡೆಯವರು ನೋಡಲು ಬಂದ ದಿನವಂತೂ ಕನ್ನಡಕ ಅಡುಗೆಮನೆಯ ಶೆಲ್ಫಿನಲ್ಲಿ ಡಬ್ಬಿಗಳ ಹಿಂದೆ ಅಜ್ಞಾತವಾಸ ಮಾಡಬೇಕು. ಹುಡುಗಿಯ ಕೈಗೆ ಕಾಫಿ ತಟ್ಟೆ ಕೊಟ್ಟು, ಹೊಸ್ತಿಲು ಎಡವದಂತೆ ಹಿಂದಿನಿಂದ ಅತ್ತಿಗೆಯೊಬ್ಬಳು ಸೆರಗು ಹಿಡಿದುಕೊಂಡು ಬರಬೇಕು. ಪಾಪ, ಆ ಹುಡುಗಿಗೆ ಎದುರು ಕೂತ ಮೂವರಲ್ಲಿ ವರ ಯಾರು, ಭಾವ ಯಾರು ಎನ್ನುವುದೂ ಕಾಣುತ್ತಿರಲಿಲ್ಲ.

ಈಗ ನನ್ನ ತರಗತಿಯಲ್ಲಿ ಬಣ್ಣಬಣ್ಣದ ಚೌಕಟ್ಟಿನ ಕನ್ನಡಕ ಹಾಕಿದ ಮಕ್ಕಳು ಎಷ್ಟೋ ಇದ್ದಾರೆ. ಅವರನ್ನು ಯಾರೂ ವಿಕಲಚೇತನರೆಂದು ಕರೆಯುವುದಿಲ್ಲ. ಆದರೆ ಅಂಥದೇ ಇನ್ನೊಂದು ಸಣ್ಣ ಯಂತ್ರ ಕಿವಿಯ ಹಿಂದೆ ಕೂತರೆ ಸಾಕು, ನೋಡಿದವರ ದನಿ ಇಳಿಯುತ್ತದೆ, 'ಅಯ್ಯೋ ಪಾಪ' ಹೊರಡುತ್ತದೆ. ಕಣ್ಣಿಗೂ ಕಿವಿಗೂ ನಡುವೆ ಇರುವುದು ನಾಲ್ಕು ಬೆರಳಿನ ಅಂತರ. ಮರ್ಯಾದೆಯಲ್ಲಿ ಮಾತ್ರ ಎಷ್ಟು ದೂರ!

ನಮ್ಮದು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಿನ ಪ್ರೌಢಶಾಲೆ. ನಾನು ಹೇಳುವುದು ಕನ್ನಡ ಮತ್ತು ಸಮಾಜ ಪಾಠ. ಇಲಾಖೆಯ ಕಾಗದಗಳಲ್ಲಿ 'ಸಹಾಯಕ ಸಾಧನ' ಎಂಬ ಮಾತು ನಮಗೆ ಪರಿಚಯವಾಗಿ ವರ್ಷಗಳಾದವು. ಗಾಲಿಕುರ್ಚಿ, ಊರುಗೋಲು, ಕ್ಯಾಲಿಪರು, ಶ್ರವಣ ಸಾಧನ, ಬ್ರೈಲ್ ಸ್ಲೇಟು ಎಲ್ಲವೂ ಅದರೊಳಗೆ ಬರುತ್ತವೆ. 1995ರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳ ಹೆಸರಿತ್ತು. 2016ರ ಕಾಯ್ದೆಯಲ್ಲಿ ಅದು 21 ಆಯಿತು. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿರುವ ಮಕ್ಕಳಿಗೆ 18 ವರ್ಷದವರೆಗೆ ಪುಸ್ತಕವನ್ನೂ ಬೇಕಾದ ಸಾಧನವನ್ನೂ ಉಚಿತವಾಗಿ ಕೊಡಬೇಕೆಂದು ಅದು ಹೇಳುತ್ತದೆ. ಶಿಬಿರಗಳು ನಡೆಯುತ್ತವೆ, ಶಾಮಿಯಾನ ಹಾಕುತ್ತಾರೆ, ಸಾಧನಗಳನ್ನು ಕೊಡುತ್ತಾರೆ, ಫೋಟೋ ತೆಗೆಯುತ್ತಾರೆ. ಇಷ್ಟೂ ಒಳ್ಳೆಯದೇ. ನನಗೆ ಹೇಳಬೇಕೆನಿಸಿರುವುದು ಫೋಟೋ ತೆಗೆದಾದ ಮೇಲಿನ ಕಥೆ.

2018ರ ಜೂನ್‌ನಲ್ಲಿ ಎಂಟನೇ ತರಗತಿಗೆ ಒಬ್ಬ ಹುಡುಗಿ ಸೇರಿದಳು. ಹಾಜರಿ ಕೂಗುವಾಗ ನನ್ನ ಬಾಯನ್ನೇ ನೋಡುತ್ತಿದ್ದಳು. ತನ್ನ ಹೆಸರು ಬಂದಾಗ ಎದ್ದು ನಿಲ್ಲುತ್ತಿದ್ದಳು. ಕೆಲವೊಮ್ಮೆ ಪಕ್ಕದವಳ ಹೆಸರಿಗೂ ನಿಲ್ಲುತ್ತಿದ್ದಳು. ಪ್ರಾಥಮಿಕ ಶಾಲೆಯಿಂದ ಬಂದ ಕಾಗದದಲ್ಲಿ 'ಶ್ರವಣ ದೋಷ, ಎರಡೂ ಕಿವಿಗೆ ಸಾಧನ ನೀಡಲಾಗಿದೆ' ಎಂದಿತ್ತು. ಕಿವಿಯಲ್ಲಿ ಮಾತ್ರ ಒಂದು ಜೊತೆ ಪುಟ್ಟ ಓಲೆ, ಬೇರೇನೂ ಇಲ್ಲ. ತಾಯಿಯೂ ಅಜ್ಜಿಯೂ ಬಸ್ ಸ್ಟ್ಯಾಂಡಿನ ಬಳಿ ಹೂ ಕಟ್ಟಿ ಮಾರುವವರು ಎಂದು ತಿಳಿದು ಒಂದು ಸಂಜೆ ಅವರ ಮನೆಗೆ ಹೋದೆ.

ಮಿಷಿನ್ನು ಎಲ್ಲಿ ಎಂದು ಕೇಳಿದ್ದಕ್ಕೆ ಅಜ್ಜಿ ಕೈಕಾಲು ತೊಳೆದುಕೊಂಡು ಒಳಗೆ ಹೋದರು. ದೇವರ ಗೂಡಿನಿಂದ, ಕುಂಕುಮದ ಬಟ್ಟಲ ಪಕ್ಕದಿಂದ, ಒಂದು ಪೆಟ್ಟಿಗೆ ತಂದು ನನ್ನ ಕೈಯಲ್ಲಿಟ್ಟರು.

"ಬೋ ರೇಟಿನ ಸಾಮಾನಂತೆ ಟೀಚರಮ್ಮ. ಮಗೀಗೆ ಕೊಟ್ರೆ ಎಲ್ಲಾದ್ರೂ ಬೀಳಿಸ್ಕಂಡು ಬತ್ತಾಳೆ. ಅದಕ್ಕೇ ಜ್ವಾಪಾನವಾಗಿ ಮಡಗಿದೀನಿ."

"ಹಾಕಿಕೊಳ್ಳುವುದೇ ಇಲ್ವಾ ಅಜ್ಜಿ?"

"ಹಬ್ಬಕ್ಕೆ ಒಂದೊಂದ್ ದಿನ ಹಾಕ್ತೀವಿ. ದಿನಾ ಹಾಕಿದ್ರೆ ಸೆಲ್ಲು ಮುಗಿದೋಯ್ತದಲ್ಲ."

ಆ ಮಾತಿನಲ್ಲಿ ಅಸಡ್ಡೆ ಇರಲಿಲ್ಲ. ರೇಷ್ಮೆ ಸೀರೆ, ಬೆಳ್ಳಿ ಲೋಟ, ಹಬ್ಬದ ತುಪ್ಪ ಎಲ್ಲವನ್ನೂ ನಾವು ಕಾಪಾಡುವುದು ಹೀಗೆಯೇ ತಾನೆ? ತೊಂದರೆ ಏನೆಂದರೆ ಈ ಸೆಲ್ಲಿಗೆ ನಮ್ಮ ಮಿತವ್ಯಯ ಅರ್ಥವಾಗುವುದಿಲ್ಲ. ಗುಂಡಿಯಷ್ಟಿರುವ ಆ ಸೆಲ್ಲಿನ ಮೇಲೆ ಒಂದು ಬಣ್ಣದ ಅಂಟುಪಟ್ಟಿ ಇರುತ್ತದೆ, ಇವಳದಕ್ಕೆ ನೀಲಿ. ಆ ಪಟ್ಟಿ ಕಿತ್ತರೆ ಸಣ್ಣ ತೂತುಗಳಿಂದ ಗಾಳಿ ಒಳಗೆ ಹೋಗಿ ಸೆಲ್ಲು ಎಚ್ಚರಗೊಳ್ಳುತ್ತದೆ. ಒಮ್ಮೆ ಎಚ್ಚರವಾದದ್ದು ಮತ್ತೆ ಮಲಗುವುದಿಲ್ಲ. ಕಿವಿಯಲ್ಲಿದ್ದರೂ ಸವೆಯುತ್ತದೆ, ದೇವರ ಗೂಡಿನಲ್ಲಿದ್ದರೂ ಸವೆಯುತ್ತದೆ. ಗೌರಿಹಬ್ಬಕ್ಕೆ ಹಾಕಿ ತೆಗೆದಿಟ್ಟದ್ದು ದೀಪಾವಳಿಗೆ ಸತ್ತಿರುತ್ತದೆ. ಇದನ್ನು ಶಿಬಿರದಲ್ಲಿ ಯಾರಾದರೂ ಅಜ್ಜಿಗೆ ನಿಧಾನವಾಗಿ ಕೂರಿಸಿ ಹೇಳಿದ್ದರೆ ಒಂದೂವರೆ ವರ್ಷ ಉಳಿಯುತ್ತಿತ್ತು.

ಸೆಲ್ಲು ತರೋಣವೆಂದರೆ ನಮ್ಮ ಊರಿನ ಯಾವ ಮೆಡಿಕಲ್ ಶಾಪಿನಲ್ಲೂ ಅದಿರಲಿಲ್ಲ. ಗಡಿಯಾರದ ಅಂಗಡಿಯವನು ಕೈಗಡಿಯಾರದ ಸೆಲ್ಲು ತೋರಿಸಿ "ಇದೇ ಹಾಕಿ ನೋಡಿ ಮೇಡಂ" ಎಂದ. ಹಾಸನದಿಂದ ತರಿಸಿದೆವು. ಆರು ಸೆಲ್ಲಿನ ಒಂದು ಪಟ್ಟಿಗೆ ಇನ್ನೂರರ ಹತ್ತಿರ. ದಿನವಿಡೀ ಹಾಕಿಕೊಂಡರೆ ಒಂದು ಸೆಲ್ಲು ಹತ್ತು ಹನ್ನೆರಡು ದಿನ ಬರುತ್ತದೆ. ಎರಡು ಕಿವಿಗೆ ಒಂದು ಪಟ್ಟಿ ಹೆಚ್ಚುಕಡಿಮೆ ಒಂದು ತಿಂಗಳು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಶೇಷ ಅಗತ್ಯವುಳ್ಳ ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ 10 ತಿಂಗಳ ಭತ್ಯೆ ಇದೆ. ಲೆಕ್ಕ ಸರಿಹೋಯಿತು ಎನ್ನಬೇಕು. ಆದರೆ ಹಣ ಬರುವುದು ಯಾವಾಗಲೋ, ಸೆಲ್ಲು ಮುಗಿಯುವುದು ಮಾತ್ರ ದಿನ ಎಣಿಸಿಕೊಂಡು.

ಹೊಸ ಸೆಲ್ಲು ಹಾಕಿ ಕಿವಿಗಿಟ್ಟರೆ ಮಿಷಿನ್ನು ಕುಕ್ಕರಿನ ಹಾಗೆ ಸಿಳ್ಳೆ ಹೊಡೆಯಿತು. ಹುಡುಗಿ ಕಿತ್ತು ಮೇಜಿನ ಮೇಲಿಟ್ಟುಬಿಟ್ಟಳು. ನಮ್ಮ ಬ್ಲಾಕಿನಲ್ಲಿ ಇಂಥ ಮಕ್ಕಳನ್ನು ನೋಡಿಕೊಳ್ಳಲೆಂದೇ ನೇಮಿಸಿದ ಸಂಪನ್ಮೂಲ ಶಿಕ್ಷಕಿ ಬಂದು ನೋಡಿ, "ಕಿವಿ ಬೆಳೆದಿದೆ, ಅಚ್ಚು ಸಣ್ಣದಾಗಿದೆ" ಎಂದರು. ಮಗುವಿಗೆ ಚಪ್ಪಲಿ ಚಿಕ್ಕದಾದರೆ ನಮಗೆ ಗೊತ್ತಾಗುತ್ತದೆ. ಕಿವಿಯೂ ಬೆಳೆಯುತ್ತದೆ ಎನ್ನುವುದು ಯಾರಿಗೆ ಹೊಳೆಯಬೇಕು? ಅಚ್ಚು ಸಡಿಲವಾದರೆ ಒಳಗಿನ ಶಬ್ದ ಸಂದಿಯಿಂದ ಹೊರಗೆ ಸೋರಿ ಮತ್ತೆ ಮೈಕಿಗೆ ಹೋಗುತ್ತದಂತೆ, ಅದೇ ಆ ಸಿಳ್ಳೆ.

ದಸರಾ ರಜೆಯಲ್ಲಿ ತಾಯಿ, ಮಗಳು, ನಾನು ಮೂವರೂ ಬೆಳಗಿನ ಬಸ್ಸು ಹಿಡಿದು ಮೈಸೂರಿಗೆ ಹೋದೆವು. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಆರಂಭವಾದದ್ದು. ದೇಶದ ಎಲ್ಲೆಲ್ಲಿಂದಲೋ ಜನ ಅಲ್ಲಿಗೆ ಬರುತ್ತಾರೆ. ನಮಗೆ ಒಂದು ಬಸ್ಸಿನ ದೂರದಲ್ಲಿದೆ. ಅಲ್ಲಿ ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು ಹುಡುಗಿಯ ಕಿವಿಯೊಳಗೆ ಹತ್ತಿಯ ತುಂಡಿಟ್ಟು, ಸಿರಿಂಜಿನಿಂದ ಹಿಟ್ಟಿನಂಥದನ್ನು ತುಂಬಿ, ಕೆಲವು ನಿಮಿಷ ಬಿಟ್ಟು ಇಡಿಯಾಗಿ ತೆಗೆದಳು. ಸಂಕ್ರಾಂತಿಗೆ ಸಕ್ಕರೆ ಅಚ್ಚು ಬಿಡಿಸುವ ಹಾಗೆಯೇ! ತಾಯಿ ಅದನ್ನು ಕೈಯಲ್ಲಿ ಹಿಡಿದು, "ನಮ್ ಮಗೀ ಕಿವಿ ಒಳಗೆ ಇಂಗಿದ್ಯಾ!" ಎಂದು ಬೆರಗಾದಳು. ಆ ಮೂಲ ನೋಡಿಕೊಂಡು ಕಿವಿಗೆ ಸರಿಹೋಗುವ ಹೊಸ ಅಚ್ಚು ಮಾಡುತ್ತಾರೆ.

ಅವತ್ತು ಕನ್ನಡ ಮೇಡಮ್ಮಿಗೆ ಕನ್ನಡದ ಪಾಠವೂ ಒಂದಾಯಿತು. ಕಿವಿ ಪರೀಕ್ಷೆಯ ನಕ್ಷೆ ತೋರಿಸುತ್ತಾ ಆ ಹೆಣ್ಣುಮಗಳು ಹೇಳಿದಳು: "ಸ್ವರಗಳು ಬಲವಾದ ಶಬ್ದಗಳು ಮೇಡಂ, ಇವಳಿಗೆ ಸುಮಾರಾಗಿ ಸಿಗುತ್ತವೆ. ಸ, ಶ, ತ, ಕ ತೆಳುವಾದ ಶಬ್ದಗಳು, ಜಾರಿಹೋಗುತ್ತವೆ. ಉಳಿದದ್ದನ್ನು ತುಟಿ ನೋಡಿ ಊಹಿಸುತ್ತಾಳೆ. ಆದರೆ ತುಟಿಯಲ್ಲಿ ಪ, ಬ, ಮ ಮೂರೂ ಒಂದೇ." ಕನ್ನಡಿಯ ಮುಂದೆ ನಿಂತು ದನಿ ಹೊರಡಿಸದೆ 'ಪರ, ಬರ, ಮರ' ಎಂದು ಹೇಳಿ ನೋಡಿ, ನಿಮಗೂ ತಿಳಿಯುತ್ತದೆ. ಇವಳ ಉಕ್ತಲೇಖನದಲ್ಲಿ ಬರಗಾಲಕ್ಕೆ ಮರಗಾಲ ಎಂದು ಬರೆದಿದ್ದು ದಡ್ಡತನವಲ್ಲ. ಕಾಣಿಸಿದ್ದನ್ನು ಕಾಣಿಸಿದಂತೆ ಬರೆದಿದ್ದಳು. ಶಬ್ದಮಣಿದರ್ಪಣದ ಕೇಶಿರಾಜನಿಂದ ಕಲಿತ ಅಕ್ಷರಗಳ ಹುಟ್ಟುಸ್ಥಾನಕ್ಕೆ ಇಂಥದೊಂದು ಉಪಯೋಗವಿದೆ ಎಂದು ಬಿ.ಎ. ತರಗತಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಮಿಷಿನ್ನಿನಿಂದ ಪ್ರಯೋಜನವಾಗದ ಮಕ್ಕಳನ್ನೂ ಅಲ್ಲಿ ಕಂಡೆ. ಅವರಿಗೆ ಸನ್ನೆಯೇ ಭಾಷೆ. ಇಬ್ಬರು ಹುಡುಗಿಯರು ವರಾಂಡದಲ್ಲಿ ಕೂತು ಕೈಗಳಲ್ಲೇ ಜಗಳವಾಡಿ ಕೈಗಳಲ್ಲೇ ರಾಜಿಯಾದದ್ದನ್ನು ನೋಡಿದೆ. ನಮ್ಮ ಹುಡುಗಿಯೂ ಕಣ್ಣು ಮಿಟುಕಿಸದೆ ನೋಡಿದಳು.

ಶ್ರವಣ ಸಾಧನಕ್ಕೆ ಕನ್ನಡಕದಷ್ಟು ಜಾಣತನವಿಲ್ಲ. ಅದು ಎಲ್ಲವನ್ನೂ ದೊಡ್ಡದು ಮಾಡುತ್ತದೆ: ಮೇಡಂ ಮಾತು, ಫ್ಯಾನಿನ ಕಿರಕಿರ, ಪಕ್ಕದ ತರಗತಿಯ ಮಗ್ಗಿ, ಬೆಂಚು ಎಳೆಯುವ ಸದ್ದು. ಮಾತನಾಡುವವರು ಐದಾರು ಅಡಿಯೊಳಗಿದ್ದರೆ ಸರಿ, ದೂರವಾದಂತೆ ಮಾತು ಗದ್ದಲದಲ್ಲಿ ಕರಗುತ್ತದೆ. ಇದಕ್ಕೆಂದೇ ಟೀಚರ ಕೊರಳಿಗೆ ಹಾಕುವ ಒಂದು ಮೈಕು ಇದೆ. ಮಾತು ನೇರವಾಗಿ ಮಗುವಿನ ಕಿವಿಗೆ ಹೋಗುತ್ತದೆ. ಅದು ನಮ್ಮ ಶಾಲೆಯವರೆಗೆ ಬರಲಿಲ್ಲ. ಬಂದದ್ದು ಸೈಕಲ್ ಶಾಪಿನ ಹಳೆಯ ಟ್ಯೂಬು. ಮಕ್ಕಳು ಅದನ್ನು ತುಂಡು ಮಾಡಿ ಬೆಂಚಿನ ಕಾಲುಗಳಿಗೆಲ್ಲ ಚಪ್ಪಲಿ ತೊಡಿಸಿದರು. ಹುಡುಗಿಯನ್ನು ಮೊದಲ ಬೆಂಚಿನಲ್ಲಿ, ಮಾತನಾಡುವವರ ಮುಖದ ಮೇಲೆ ಬೆಳಕು ಬೀಳುವ ಕಡೆ ಕೂರಿಸಿದೆವು. ಬೋರ್ಡಿನ ಕಡೆ ತಿರುಗಿ ಮಾತನಾಡಬಾರದೆಂದು ಟೀಚರುಗಳೆಲ್ಲ ಸೇರಿ ಗೊತ್ತುಮಾಡಿಕೊಂಡೆವು. ಇದರಿಂದ ಉಳಿದ ಮಕ್ಕಳಿಗೂ ಪಾಠ ಚೆನ್ನಾಗಿ ಕೇಳಿಸತೊಡಗಿತು ಎನ್ನುವುದು ಬೇರೆ ಮಾತು. ಮಿಷಿನ್ನಿಗೆ 'ಕಿವಿ ಕನ್ನಡಕ' ಎಂದು ಹೆಸರಿಟ್ಟವರೂ ಆ ತರಗತಿಯ ಮಕ್ಕಳೇ. ಆ ಹೆಸರು ಬಂದ ಮೇಲೆ ಅವಳು ಕಿವಿಯ ಮೇಲೆ ಇಳಿಬಿಡುತ್ತಿದ್ದ ಕೂದಲನ್ನು ಹಿಂದಕ್ಕೆ ಬಾಚಿ ಎರಡು ಜಡೆ ಹಾಕಿಕೊಂಡು ಬರತೊಡಗಿದಳು.

ಅಜ್ಜಿಗೆ ಅದು ಹಿಡಿಸಲಿಲ್ಲ. "ಇಸ್ಕೂಲಲ್ಲಿ ಸರಿ ಟೀಚರಮ್ಮ, ಬೀದೀಲಿ ಯಾಕೆ? ನಾಳೆ ಗಂಡು ನೋಡಕ್ಕೆ ಬಂದೋರು ಏನಂದಾರು?" ಎಂದರು. ಅಡುಗೆಮನೆ ಶೆಲ್ಫಿನ ಹಿಂದೆ ಅವಿತ ಕನ್ನಡಕಗಳ ಕಥೆಯನ್ನು ಅವರಿಗೆ ಹೇಳಿದೆ. ನಕ್ಕರು, ಒಪ್ಪಿದರೆಂದು ಹೇಳಲಾರೆ.

ಅಷ್ಟರಲ್ಲಿ 2020ರ ಮಾರ್ಚ್ ಬಂತು, ಶಾಲೆ ಮುಚ್ಚಿತು. ಜುಲೈನಿಂದ ಚಂದನ ವಾಹಿನಿಯಲ್ಲಿ 'ಸೇತುಬಂಧ' ಪಾಠಗಳು ಬಂದವು. ಪರದೆಯ ಮೇಲೆ ಚಿತ್ರ ಬಂದಾಗ ಟೀಚರ ಮುಖ ಮಾಯ. ಮುಖ ಹೋದರೆ ಇವಳಿಗೆ ಪಾಠವೂ ಹೋಯಿತು. 2021ರ ಜನವರಿಯಲ್ಲಿ ಹತ್ತನೇ ತರಗತಿ ಮತ್ತೆ ಆರಂಭವಾದಾಗ ನಮ್ಮೆಲ್ಲರ ಬಾಯಿಗೆ ಮಾಸ್ಕು. ಎರಡು ವರ್ಷದಲ್ಲಿ ಕಟ್ಟಿದ್ದೆಲ್ಲ ಒಂದು ಗೇಣು ಬಟ್ಟೆಯ ಹಿಂದೆ ಮುಚ್ಚಿಹೋಯಿತು. ಮಾಸ್ಕಿನ ದಾರವೂ ಕಿವಿಯ ಹಿಂದೆ, ಮಿಷಿನ್ನೂ ಕಿವಿಯ ಹಿಂದೆ. ಅದನ್ನು ತೆಗೆದರೆ ಇದು ಹಾರಿ ಬೀಳುತ್ತಿತ್ತು. ನಮ್ಮ ಹೊಲಿಗೆ ಟೀಚರ್ ಸೀರೆ ಪ್ಯಾಕೆಟ್ಟಿನ ಪ್ಲಾಸ್ಟಿಕ್ ಕತ್ತರಿಸಿ ಬಾಯಿಯ ಜಾಗಕ್ಕೆ ಕಿಟಕಿಯಿಟ್ಟು ನಾಲ್ಕು ಮಾಸ್ಕು ಹೊಲಿದುಕೊಟ್ಟರು. ಹತ್ತು ನಿಮಿಷಕ್ಕೆ ಉಸಿರಿನ ಹಬೆ ಕೂತು ಕಿಟಕಿ ಮಂಜಾಗುತ್ತಿತ್ತು. ಒಳಗೆ ಒಂದಿಷ್ಟು ಸೋಪು ಸವರಿ ಒರೆಸಿದರೆ ಹಬೆ ನಿಲ್ಲುವುದಿಲ್ಲ ಎಂದು ಅವರೇ ಕಂಡುಕೊಂಡರು. ಆ ವರ್ಷದ ಎಸ್.ಎಸ್.ಎಲ್.ಸಿ. ಪರೀಕ್ಷೆ ಜುಲೈ 19 ಮತ್ತು 22ರಂದು, ಎರಡೇ ದಿನ, ಉತ್ತರ ಆರಿಸುವ ರೀತಿಯಲ್ಲಿ ನಡೆಯಿತು. ಅವತ್ತು ನಾವು ನಾಲ್ವರು ಟೀಚರುಗಳ ಬಾಯಲ್ಲಿ ಸೋಪಿನ ವಾಸನೆ.

ಆ ವರ್ಷ ಹೆಚ್ಚುಕಡಿಮೆ ಎಲ್ಲರೂ ಪಾಸಾದರು, ಹಾಗಾಗಿ ಅವಳ ಪಾಸನ್ನು ದೊಡ್ಡದು ಮಾಡಿ ಹೇಳಲಾರೆ. ಹೇಳಬೇಕಾದದ್ದು ಬೇರೆ. ಹಾಸನದ ಪಿ.ಯು. ಕಾಲೇಜಿಗೆ ಸೇರಿದ ಮೊದಲ ವಾರ ಅವಳೇ ಉಪನ್ಯಾಸಕರ ಮೇಜಿನ ಬಳಿ ಹೋಗಿ, "ಸರ್, ನನಗೆ ಕಿವಿ ಸರಿಯಾಗಿ ಕೇಳಿಸಲ್ಲ, ಮುಂದೆ ಕೂರ್ತೀನಿ. ದಯವಿಟ್ಟು ನನ್ನ ಕಡೆ ತಿರುಗಿ ಮಾತಾಡಿ" ಎಂದಳಂತೆ. ಈ ಮಾತನ್ನು ಯಾವ ಶಿಬಿರದಲ್ಲೂ ಕೊಡಲು ಬರುವುದಿಲ್ಲ. ಪಿ.ಯು.ಸಿ. ಮುಗಿಸಿ 2023ರಲ್ಲಿ ಬಿ.ಕಾಂ. ಸೇರಿದಳು.

ಅವಳು ಹೋದ ಮರುವರ್ಷ ದೃಷ್ಟಿಯಿಲ್ಲದ ಒಬ್ಬ ಹುಡುಗ ಬಂದ. ಅಂಧಮಕ್ಕಳ ವಸತಿಶಾಲೆಯಲ್ಲಿ ಏಳನೆಯವರೆಗೆ ಓದಿ, ಮನೆಯಿಂದಲೇ ಓದಬೇಕೆಂದು ನಮ್ಮಲ್ಲಿಗೆ ಬಂದವನು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳನ್ನು ಕಂಡ ನಾಡು ನಮ್ಮದು; ಆದ್ದರಿಂದಲೋ ಏನೋ, ಕುರುಡು ಹುಡುಗ ಎಂದ ಕೂಡಲೇ 'ಹಾಡ್ತಾನಾ?' ಎಂದು ಕೇಳುತ್ತಾರೆ. ಇವನ ದನಿ ಕಾಗೆಯದು. ಇವನಿಗೆ ಇಷ್ಟವಾದದ್ದು ಲೆಕ್ಕ.

ಅವನು ಬ್ರೈಲ್ ಸ್ಲೇಟಿನಲ್ಲಿ ಮೊಳೆಯಿಂದ ಟಿಕ್ ಟಿಕ್ ಎಂದು ಬರೆಯುವುದನ್ನು ಮಕ್ಕಳು ಸುತ್ತ ನಿಂತು ನೋಡುತ್ತಿದ್ದರು. 1809ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಲೂಯಿ ಬ್ರೈಲ್ ಮೂರು ವರ್ಷದವನಿದ್ದಾಗ, ಕುದುರೆ ಜೀನು ಹೊಲಿಯುವ ತಂದೆಯ ಚೂಪು ಹತಾರ ಕಣ್ಣಿಗೆ ತಾಗಿ ದೃಷ್ಟಿ ಹೋಯಿತು. ಅಂಥದೇ ಚೂಪು ಮೊನೆಯಿಂದ ಒತ್ತುವ ಆರು ಚುಕ್ಕಿಯ ಲಿಪಿಯನ್ನು ಅವನು ರೂಪಿಸಿದ್ದು 1824ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ. ನಮ್ಮ ದೇಶದ ಭಾಷೆಗಳಿಗೆಲ್ಲ ಒಂದೇ ಬಗೆಯ ಭಾರತಿ ಬ್ರೈಲ್ ಬಂದದ್ದು 1951ರಲ್ಲಿ. ಕನ್ನಡದ ಕ, ಹಿಂದಿಯ ಕ, ಇಂಗ್ಲಿಷಿನ ಕೆ ಮೂರಕ್ಕೂ ಚುಕ್ಕಿ ಒಂದೇ. ಕಾಗುಣಿತ ಅಕ್ಷರಕ್ಕೆ ಅಂಟಿಕೊಳ್ಳುವುದಿಲ್ಲ. 'ಕಿ' ಬೇಕಾದರೆ ಕ ಬರೆದು ಪಕ್ಕದಲ್ಲಿ ಇ ಬರೆಯಬೇಕು. ಒತ್ತಕ್ಷರ ಕೆಳಗಿಳಿಯುವುದಿಲ್ಲ, 'ಅಕ್ಕ' ಎಂದರೆ ಅ, ಆಮೇಲೆ ಒತ್ತು ಬರುತ್ತದೆಂದು ತಿಳಿಸುವ ಒಂದು ಚುಕ್ಕಿ, ಆಮೇಲೆ ಎರಡು ಕ. ಹಿಂಬದಿಯಿಂದ ಒತ್ತುವುದರಿಂದ ಬರೆಯುವಾಗ ಬಲದಿಂದ ಎಡಕ್ಕೆ, ಹಾಳೆ ತಿರುಗಿಸಿ ಓದುವಾಗ ಎಡದಿಂದ ಬಲಕ್ಕೆ. ರಂಗೋಲಿಯ ಚುಕ್ಕಿ ಲೆಕ್ಕ ಬಲ್ಲ ನಮ್ಮ ಹೆಣ್ಣುಮಕ್ಕಳು ವಾರದಲ್ಲಿ ಅದನ್ನು ಕಲಿತು, ಟೀಚರುಗಳಿಗೆ ತಿಳಿಯದ ಚೀಟಿಗಳನ್ನು ಅವನಿಗೆ ಬರೆಯತೊಡಗಿದರು.

ಈಗ ಫೋನೇ ಓದಿ ಹೇಳುತ್ತದಲ್ಲ, ಬ್ರೈಲ್ ಏಕೆ ಎಂದು ಕೇಳುವವರಿದ್ದಾರೆ. ಫೋನು ಓದುತ್ತದೆ, ನಿಜ. ಕಂಪ್ಯೂಟರಿನಲ್ಲಿ ಓದಿ ಹೇಳುವ, 2006ರಲ್ಲಿ ಶುರುವಾದ ಎನ್‌ವಿಡಿಎ ಎಂಬ ತಂತ್ರಾಂಶವನ್ನು ಬೆಳೆಸಿದವರು ಆಸ್ಟ್ರೇಲಿಯಾದ ಇಬ್ಬರು ಅಂಧ ಗೆಳೆಯರು, ಅದು ಪುಕ್ಕಟೆಯಾಗಿ ಸಿಗುತ್ತದೆ. ಅದಕ್ಕೆ ಕನ್ನಡವೂ ಬರುತ್ತದೆ. ಆದರೆ ಬರೀ ಕೇಳಿ ಕಲಿತ ಮಗುವಿಗೆ ಅಲ್ಪಪ್ರಾಣ ಯಾವುದು, ಮಹಾಪ್ರಾಣ ಯಾವುದು, ಒತ್ತು ಎಲ್ಲಿ ಎನ್ನುವುದು ಬೆರಳಿಗೆ ಸಿಗುವುದಿಲ್ಲ. ಕಥೆ ಕೇಳಲು ಫೋನು, ಅಕ್ಷರ ಹಿಡಿಯಲು ಬೆರಳು, ಎರಡೂ ಬೇಕು.

ಒಮ್ಮೆ ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಅವನ ಫೋನಿಗೆ ಕಳಿಸಿದೆವು. ಫೋನು ಓದಿದ್ದು ಯಾವ ಭಾಷೆಯೂ ಅಲ್ಲ, ಭೂತ ಬಿಡಿಸುವ ಮಂತ್ರದಂತಿತ್ತು. ಹುಡುಗ ಬಿದ್ದು ಬಿದ್ದು ನಕ್ಕ. ಡಿ.ಟಿ.ಪಿ. ಅಂಗಡಿಯಲ್ಲಿ ಹಳೆಯ ಕಾಲದ ಫಾಂಟಿನಲ್ಲಿ ಟೈಪು ಮಾಡಿದ್ದರು. ಅದು ನಮ್ಮ ಕಣ್ಣಿಗೆ ಮಾತ್ರ ಕನ್ನಡ. ಯಂತ್ರದ ಒಳಗೆ ಇಂಗ್ಲಿಷ್ ಅಕ್ಷರಗಳ ರಾಶಿ. ಯೂನಿಕೋಡಿನಲ್ಲಿ ಮಾಡಿಕೊಡಿ ಎಂದು ಕೇಳಿದ್ದಕ್ಕೆ ಅಂಗಡಿಯ ಹುಡುಗಿ, "ಅಷ್ಟೇನಾ ಮಿಸ್? ಒಂದು ಗುರುತು ಬದಲಾಯಿಸಿದ್ರೆ ಆಯ್ತು, ಯಾರೂ ಕೇಳಿರಲಿಲ್ಲ" ಎಂದಳು. ಒಂದು ಪೈಸೆ ಖರ್ಚಿಲ್ಲದೆ ಹುಡುಗನಿಗೆ ಪ್ರಶ್ನೆಪತ್ರಿಕೆ ಸಿಕ್ಕಿತು.

ಯಾರೂ ಕೇಳಿರಲಿಲ್ಲ. ಇಷ್ಟು ವರ್ಷಗಳಲ್ಲಿ ನಾನು ಕಂಡದ್ದು ಇದೇ. ದೊಡ್ಡ ಯಂತ್ರ ಹೇಗೋ ಬಂದು ಸೇರುತ್ತದೆ. ಅದು ನಿಂತುಹೋಗುವುದು ಒಂದು ಸೆಲ್ಲಿಗೆ, ಒಂದು ಅಚ್ಚಿಗೆ, ಗಾಲಿಕುರ್ಚಿಯ ಒಂದು ಟ್ಯೂಬಿಗೆ, ಬ್ರೈಲಿನ ದಪ್ಪ ಹಾಳೆಯ ಒಂದು ಕಟ್ಟಿಗೆ. ಗೋದ್ರೆಜ್ ಬೀರುವಿನಲ್ಲಿ ಪಟ್ಟಿಯ ಪ್ರಕಾರ ಎಲ್ಲವೂ 'ಇದೆ'. ಮಗುವಿನ ಮೈಮೇಲೆ ಇರುವುದಿಲ್ಲ. ಮಿಕ್ಸಿಯ ವಾಷರ್ ಹೋದರೆ ಎಲ್ಲಿ ಸಿಗುತ್ತದೆಂದು ಊರಿನ ಪ್ರತಿ ಹೆಂಗಸಿಗೂ ಗೊತ್ತು. ಮಗುವಿನ ಕಿವಿಯ ಸೆಲ್ಲಿಗೂ ಅಷ್ಟೇ ಪ್ರಚಾರ ಬೇಕು. ನಿಮ್ಮ ಬೀದಿಯ ಮೆಡಿಕಲ್ ಶಾಪಿನಲ್ಲಿ ಒಮ್ಮೆ ಕೇಳಿ ನೋಡಿ. ಇಲ್ಲವೆಂದರೆ ತರಿಸಿಡಿ ಎನ್ನಿ. ನಾಲ್ಕು ಜನ ಕೇಳಿದರೆ ಅಂಗಡಿಯವರು ತರಿಸುತ್ತಾರೆ. ನಮ್ಮ ಊರಿನಲ್ಲಿ ತರಿಸಿದ್ದಾರೆ.

ಕಳೆದ ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಹೂ ತರಲು ಹೋಗಿದ್ದೆ. ಅಜ್ಜಿಯ ಮುಂದೆ ಒಬ್ಬ ಚಿಕ್ಕ ತಾಯಿ, ಐದಾರು ವರ್ಷದ ಮಗನನ್ನು ಹಿಡಿದು ಕೂತಿದ್ದಳು. ಹುಡುಗನ ಕಿವಿಯ ಹಿಂದೆ ಹೊಸ ಮಿಷಿನ್ನು. ಅಜ್ಜಿ ಕಾಕಡ ಕಟ್ಟುವುದನ್ನು ನಿಲ್ಲಿಸಿ ಅವಳಿಗೆ ಹೇಳುತ್ತಿದ್ದರು:

"ನೀಲಿ ಪಟ್ಟಿ ಕಿತ್ತ ಮ್ಯಾಲೆ ಒಂದ್ ನಿಮ್ಸ ಗಾಳಿಗೆ ಮಡಗು, ಆಮ್ಯಾಕೆ ಹಾಕು. ದಿನಾ ಹಾಕು ಕಣವ್ವ, ಎತ್ತಿಟ್ರೂ ಸವೀತದೆ. ರಾತ್ರಿ ಮಲಗಾಗ ತೆಗ್ದು, ಬಾಗ್ಲು ತೆರ್ದು ಡಬ್ಬೀಲಿಡು. ಕುಯ್ ಅಂದ್ರೆ ಕಿವಿ ಬೆಳೆದದೆ ಅಂತ ಲೆಕ್ಕ, ಮೈಸೂರಿಗೆ ಕರ್ಕಂಡೋಗು."

ನನ್ನನ್ನು ನೋಡಿ ಎರಡು ಮೊಳ ಹೂ ಅಳೆದುಕೊಟ್ಟು, ಮತ್ತೆ ಆ ತಾಯಿಯ ಕಡೆ ತಿರುಗಿದರು. ಮಾತು ಇನ್ನೂ ಮುಗಿದಿರಲಿಲ್ಲ.